ಕರಾವಳಿ ದಾಟಿದ ಮೇಲೆ ಮಾತಾಡುವುದು ಹೀಗೆ

ಮಂಗಳೂರಿನಿಂದ ದುಬೈಗೋ ಮಸ್ಕತ್ತಿಗೋ ಹೊರಟವರು ಊಟದ ಟ್ರೇ ಬಂತೇ ಎಂದು ಕತ್ತು ಉದ್ದ ಮಾಡುವ ಹೊತ್ತಿಗೆ ಕಾಕ್‌ಪಿಟ್‌ನಲ್ಲಿ ನಮಗೆ ಬೇರೆಯೇ ಕೆಲಸ ಶುರುವಾಗಿರುತ್ತದೆ. ಬಜ್ಪೆಯ ಗುಡ್ಡ ಬಿಟ್ಟು ಕಡಲಿನ ಕಡೆ ತಿರುಗಿ ಅರ್ಧ ಗಂಟೆ ಆಗುವಷ್ಟರಲ್ಲಿ ವಿಎಚ್‌ಎಫ್ ರೇಡಿಯೋದಲ್ಲಿ ದಡದ ಕಂಟ್ರೋಲರುಗಳ, ಅಂದರೆ ವಿಮಾನಗಳಿಗೆ ದಾರಿ, ಎತ್ತರ ಹೇಳುವವರ ದನಿ ಸೊರಗುತ್ತದೆ. ವಿಎಚ್‌ಎಫ್ ಅಲೆ ನೇರವಾಗಿ ಸಾಗುವಂಥದ್ದು, ಭೂಮಿ ದುಂಡಗಿದೆ. 35,000 ಅಡಿಯಲ್ಲಿದ್ದರೂ ಸುಮಾರು 200 ನಾಟಿಕಲ್ ಮೈಲು, ಅಂದರೆ 370 ಕಿಲೋಮೀಟರ್ ಆದ ಮೇಲೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. "ಅಷ್ಟು ದೊಡ್ಡ ವಿಮಾನ, ವಯರ್‌ಲೆಸ್ ಮಾತ್ರ ನಮ್ಮ ಬೋಟಿನದ್ದೇ ಕತೆಯಾ ಮಾರಾಯ?" ಹೌದು, ಅದೇ ಕತೆ. ಬೋಟಿನ ಆಂಟೆನಾ ನೀರಿನಿಂದ ನಾಲ್ಕಾರು ಮೀಟರ್ ಮೇಲಿದೆ, ನಮ್ಮದು ಹತ್ತು ಕಿಲೋಮೀಟರ್ ಮೇಲೆ. ವ್ಯತ್ಯಾಸ ಅಷ್ಟೇ.

ಅಲ್ಲಿಂದ ಮುಂದೆ ಎಚ್‌ಎಫ್, ದೂರದ ಮಾತಿನ ರೇಡಿಯೋ. ಈ ಅಲೆಗಳು ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳಿಗೆ ತಾಗಿ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಅರಬ್ಬಿ ಸಮುದ್ರದ ಮೇಲೆ ನಮ್ಮ ಕರೆಗೆ ಓಗೊಡುವುದು ಮುಂಬೈ ರೇಡಿಯೋ. ಅಲ್ಲಿ ಮಾತಾಡುವವರು ಕಂಟ್ರೋಲರ್ ಅಲ್ಲ, ರೇಡಿಯೋ ಆಪರೇಟರ್. ನಾವು ಹೇಳಿದ್ದನ್ನು ಅವರು ಬರೆದುಕೊಂಡು ಕಂಟ್ರೋಲರಿಗೆ ದಾಟಿಸುತ್ತಾರೆ, ಉತ್ತರ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಉತ್ತರ ಅಟ್ಲಾಂಟಿಕ್‌ನ ಪೂರ್ವ ಭಾಗದಲ್ಲಂತೂ ರೇಡಿಯೋ ಕೇಂದ್ರ ಐರ್ಲೆಂಡಿನ ಬ್ಯಾಲಿಗಿರೀನ್‌ನಲ್ಲಿ, ಕಂಟ್ರೋಲರುಗಳು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ. ಹಾಗಾಗಿ ಎತ್ತರ ಬದಲಿಸಬೇಕೆಂದರೆ ಕೇಳಿದ ತಕ್ಷಣ ಸಿಗುತ್ತದೆ ಎಂದುಕೊಳ್ಳಬಾರದು. ಹತ್ತು ನಿಮಿಷ ಮೊದಲೇ ಕೇಳಿಡುವುದು ನನ್ನ ಪದ್ಧತಿ.

ಇನ್ನೊಂದು ಪದ್ಧತಿ, ಪೊಸಿಷನ್ ರಿಪೋರ್ಟನ್ನು, ಅಂದರೆ ನಾವೆಲ್ಲಿದ್ದೇವೆ ಎಂಬ ವರದಿಯನ್ನು, ಮೈಕ್ ಒತ್ತುವ ಮೊದಲು ಕಾಗದದಲ್ಲಿ ಬರೆದುಕೊಳ್ಳುವುದು. ದಾರಿಯಲ್ಲಿ ಗುರುತಿಸಿಟ್ಟ ಯಾವ ಬಿಂದು ದಾಟಿದೆವು, ಎಷ್ಟು ಹೊತ್ತಿಗೆ (ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ), ಯಾವ ಎತ್ತರ, ಮುಂದಿನ ಬಿಂದು ಯಾವುದು, ಅಲ್ಲಿಗೆ ಎಷ್ಟು ಹೊತ್ತಿಗೆ, ಅದರ ನಂತರದ್ದು ಯಾವುದು. ಕ್ರಮ ತಪ್ಪಬಾರದು. ಆಪರೇಟರ್ ಅರ್ಧ ಶಬ್ದ ಕೇಳಿದರೂ ಉಳಿದರ್ಧವನ್ನು ಆ ಕ್ರಮದಿಂದಲೇ ಊಹಿಸಿ "ಇದೇ ತಾನೇ?" ಎಂದು ತಿರುಗಿ ಓದಿ ಹೇಳುತ್ತಾರೆ. ಬೋಯಿಂಗ್ 737ರಲ್ಲಿ ಹೊಸ ಫ್ರೀಕ್ವೆನ್ಸಿ ಹಾಕಿ ಮೊದಲ ಸಲ ಮೈಕ್ ಒತ್ತಿದಾಗ ಕಿವಿಯಲ್ಲಿ ಒಂದು ಸಿಳ್ಳೆ ಬರುತ್ತದೆ, ಆಂಟೆನಾ ಹೊಂದಿಕೊಳ್ಳುತ್ತಿದೆ ಎಂದು ಅರ್ಥ. ಅದು ನಿಲ್ಲುವವರೆಗೆ ಬಾಯಿ ತೆರೆದು ಪ್ರಯೋಜನವಿಲ್ಲ.

ಯಾವ ಫ್ರೀಕ್ವೆನ್ಸಿ ಎಂಬುದರಲ್ಲೇ ಇರುವುದು ಮಜಾ. ಹಗಲು ಬಿಸಿಲಿಗೆ ಅಯಾನುಗೋಳದ ಅಡಿಯಲ್ಲಿ ಒಂದು ಪದರ ಎದ್ದು ಸಣ್ಣ ಫ್ರೀಕ್ವೆನ್ಸಿಗಳನ್ನು ನುಂಗುತ್ತದೆ. ಕತ್ತಲಾದರೆ ಅದು ಕರಗುತ್ತದೆ. ಆದರೆ ಆಗ ಮೇಲಿನ ಪದರವೂ ತೆಳುವಾಗಿ ದೊಡ್ಡ ಫ್ರೀಕ್ವೆನ್ಸಿಗಳನ್ನು ಬಾಗಿಸಲಾರದೆ ಹೊರಕ್ಕೆ ಬಿಟ್ಟುಬಿಡುತ್ತದೆ. ಸೂರ್ಯ ಮೇಲಿದ್ದರೆ ಫ್ರೀಕ್ವೆನ್ಸಿ ಮೇಲೆ, ಸೂರ್ಯ ಇಳಿದರೆ ಅದೂ ಕೆಳಗೆ. ಹಗಲಲ್ಲಿ 8879 ಅಥವಾ 10018 ಕಿಲೋಹರ್ಟ್ಸ್ ಚೆನ್ನ, ರಾತ್ರಿಗೆ 5658. ಕಷ್ಟ ಇರುವುದು ಸಂಜೆ ಹೊರಡುವ ವಿಮಾನದಲ್ಲಿ. ಪಶ್ಚಿಮಕ್ಕೆ ಹಾರುವ ನಮಗೆ ಮುಸ್ಸಂಜೆ ಮುಗಿಯುವುದೇ ಇಲ್ಲ, ಮುಂಬೈಯಲ್ಲಿ ಆಗಲೇ ಕತ್ತಲು. ಐದು ನಿಮಿಷದ ಹಿಂದೆ ಗಂಟೆಯ ಹಾಗಿದ್ದ ದನಿ ಈಗ ನೀರೊಳಗಿಂದ ಬಂದಂತೆ. ಅಂಥ ಹೊತ್ತಲ್ಲಿ ಅದೇ ಫ್ರೀಕ್ವೆನ್ಸಿಯಲ್ಲಿ ಕಿರುಚುವುದಕ್ಕಿಂತ ಆಪರೇಟರ್ ಕೊಟ್ಟ ಎರಡನೆಯ ಫ್ರೀಕ್ವೆನ್ಸಿಗೆ ಹೋಗುವುದೇ ಸರಿ. ಅದೂ ಆಗದಿದ್ದರೆ ವಿಮಾನಗಳು ತಮ್ಮೊಳಗೆ ಮಾತಾಡುವ ವಿಎಚ್‌ಎಫ್ ಫ್ರೀಕ್ವೆನ್ಸಿ 123.45 ಮೆಗಾಹರ್ಟ್ಸ್‌ನಲ್ಲಿ ಹತ್ತಿರದ ಬೇರೆ ವಿಮಾನವನ್ನು ಕರೆದು "ನಮ್ಮ ಪೊಸಿಷನ್ ದಾಟಿಸ್ತೀರಾ?" ಎಂದು ಕೇಳುವುದು. ಇಲ್ಲ ಎಂದವರು ನನಗೆ ಸಿಕ್ಕಿಲ್ಲ.

ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ದೂರದ ಮಿಂಚೂ ಎಚ್‌ಎಫ್‌ನಲ್ಲಿ ಚಟಪಟ ಎನ್ನುತ್ತದೆ. ಆ ಗದ್ದಲವನ್ನು ಗಂಟೆಗಟ್ಟಲೆ ಕೇಳುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ. ಅದಕ್ಕೇ ಸೆಲ್‌ಕಾಲ್. ಪ್ರತಿ ವಿಮಾನಕ್ಕೂ ನಾಲ್ಕಕ್ಷರದ ಒಂದು ಕೋಡ್. ಆಪರೇಟರ್ ಆ ಅಕ್ಷರಗಳ ಸ್ವರಗಳನ್ನು ಎರಡೆರಡಾಗಿ ಕಳಿಸಿದರೆ ನಮ್ಮಲ್ಲಿ ಗಂಟೆ ಬಾರಿಸುತ್ತದೆ, ಅಲ್ಲಿಯವರೆಗೆ ದನಿ ತಗ್ಗಿಸಿಟ್ಟುಕೊಳ್ಳಬಹುದು. ಮೊದಲ ಸಂಪರ್ಕದಲ್ಲೇ ಸೆಲ್‌ಕಾಲ್ ಚೆಕ್ ಕೇಳಿ, ಗಂಟೆ ಬಾರಿಸಿದ್ದನ್ನು ಕೇಳಿಸಿಕೊಂಡೇ ದನಿ ತಗ್ಗಿಸಬೇಕು. ಹಳೆಯ 16 ಸ್ವರಗಳಿಂದ ಆಗುವುದು 10,920 ಕೋಡ್ ಮಾತ್ರ, ವಿಮಾನಗಳು ಅದಕ್ಕಿಂತ ಹೆಚ್ಚು. ಒಂದೇ ಕೋಡ್ ಇಬ್ಬರಿಗೆ ಇರುವುದುಂಟು, ಆದ್ದರಿಂದ ಗಂಟೆ ಬಾರಿಸಿದರೂ ಕರೆದದ್ದು ನಮ್ಮನ್ನೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತೇನೆ. ಸ್ವರಗಳನ್ನು 32ಕ್ಕೆ ಏರಿಸಿದ್ದು 2022ರಲ್ಲಿ.

ಈಗ ಉಪಗ್ರಹದ ಮೂಲಕ ಟೈಪ್ ಮಾಡಿ ಸಂದೇಶ ಕಳಿಸುವ ಸಿಪಿಡಿಎಲ್‌ಸಿ ಬಂದಿದೆ. ಮುಂಬೈ ವಾಯುವಲಯದ ಕೋಡ್ ವಿಎಬಿಎಫ್ ಎಂದು ಲಾಗಾನ್ ಆದರೆ ಮುಂಬೈ ಕಂಟ್ರೋಲರ್ ಜೊತೆ ನೇರ ವ್ಯವಹಾರ. ತಪ್ಪು ಕೇಳಿಸಿಕೊಳ್ಳುವ ಭಯ ಇಲ್ಲ, ಬರೆದದ್ದು ಪರದೆಯ ಮೇಲೇ ಇರುತ್ತದೆ. ನನಗೂ ಅದೇ ಇಷ್ಟ. ಆದರೂ ಎಚ್‌ಎಫ್ ಚೆಕ್ ತಪ್ಪಿಸುವುದಿಲ್ಲ, ಮತ್ತು ಜೊತೆಯ ಹುಡುಗರಿಗೆ ಒಂದಾದರೂ ಪೊಸಿಷನ್ ರಿಪೋರ್ಟ್ ಬಾಯಲ್ಲಿ ಕೊಡಿಸುತ್ತೇನೆ. ಕೆಲವರಿಗೆ ಅದು ಮುದುಕರ ಹಟ ಅನಿಸುತ್ತದೆ, ಅನಿಸಲಿ.

ಮುಂದೆ ಕರಿಮೋಡ, ಯಾರ ಉತ್ತರವೂ ಇಲ್ಲ ಎಂದಾದರೆ ಅದಕ್ಕೂ ನಿಯಮ ಇದೆ. ಕರೆಯುವುದನ್ನು ಬಿಡದೆ, ತುರ್ತು ಫ್ರೀಕ್ವೆನ್ಸಿ 121.5ರಲ್ಲೂ 123.45ರಲ್ಲೂ ಸುತ್ತಲಿನವರಿಗೆ ತಿಳಿಸಿ ಪಕ್ಕಕ್ಕೆ ಸರಿಯುವುದು. ದಾರಿಯಿಂದ 5 ನಾಟಿಕಲ್ ಮೈಲಿಗಿಂತ ಕಡಿಮೆ ಸರಿದರೆ ಎತ್ತರ ಹಾಗೇ ಇರಲಿ. ಅದಕ್ಕಿಂತ ಹೆಚ್ಚಾದರೆ, ಗಲ್ಫ್ ಕಡೆ ಹೋಗುವಾಗ ಎಡಕ್ಕೆ ಸರಿದವರು 300 ಅಡಿ ಏರಬೇಕು, ಬಲಕ್ಕೆ ಸರಿದವರು 300 ಅಡಿ ಇಳಿಯಬೇಕು. ಊರಿಗೆ ಬರುವಾಗ ಇದು ತಿರುವುಮುರುವು. ಇದನ್ನು ನಾನು ಬಜ್ಪೆಯಲ್ಲಿ ಬಾಗಿಲು ಹಾಕುವ ಮೊದಲೇ ಜೊತೆಯವರ ಬಾಯಿಂದ ಹೇಳಿಸಿಬಿಡುತ್ತೇನೆ.