ಕಂಚಿನ ತೋಪಿಗೆ ಹಸಿರು ಬೇಡ: ನವೋದಯ ಕಾಲದ ಫಿರಂಗಿ, ಗಾಡಿಗಳ ಕಿರುಮಾದರಿಗೆ ಬಣ್ಣ ಹಾಕುವುದು ಹೇಗೆ?

1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಇಟಲಿಯ ಮೇಲೆ ದಂಡೆತ್ತಿ ಹೋದಾಗ, ಚಕ್ರದ ಮೇಲೆ ಕೂರಿಸಿದ, ಕುದುರೆಗಳು ಎಳೆಯುವ, ಕಬ್ಬಿಣದ ಗುಂಡು ಹಾರಿಸುವ ಕಂಚಿನ ತೋಪುಗಳು ಅವನ ಸೈನ್ಯದ ಜೊತೆಗಿದ್ದವು. ಅಲ್ಲಿಂದ 1559ರವರೆಗೆ ಎಳೆದ ಇಟಲಿಯ ಯುದ್ಧಗಳು, ಅದರಲ್ಲೂ 1512ರ ರವೆನ್ನಾ ಮತ್ತು 1525ರ ಪವಿಯಾ ಕದನಗಳು, ಮೇಜಿನ ಮೇಲೆ ಐತಿಹಾಸಿಕ ಯುದ್ಧವನ್ನು ಆಡುವ ವಾರ್‌ಗೇಮಿಂಗ್ ಹವ್ಯಾಸಿಗಳಿಗೆ ಬಲು ಪ್ರಿಯವಾದವು. ಭರ್ಜಿಯವರನ್ನೂ ಸವಾರರನ್ನೂ ಶ್ರದ್ಧೆಯಿಂದ ಬಣ್ಣ ಹಾಕಿ ಸಜ್ಜುಗೊಳಿಸುವವರು ಸಹ ತೋಪು ಮತ್ತು ಸಾಮಾನು ಗಾಡಿಗಳನ್ನು ಕೊನೆಗೆ ಉಳಿಸಿಕೊಂಡು, ಮರಕ್ಕೊಂದು ಕಂದು, ಲೋಹಕ್ಕೊಂದು ಬೆಳ್ಳಿಬಣ್ಣ ಬಳಿದು ಮುಗಿಸಿಬಿಡುತ್ತಾರೆ.

ಅದಕ್ಕಿಂತ ದೊಡ್ಡ ಎಡವಟ್ಟು, ಸಂಗ್ರಹಾಲಯದ ಚಿತ್ರ ನೋಡಿ ಬಣ್ಣ ಆರಿಸುವುದು. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಗೊಂಡದ್ದು, ಎಂದರೆ ಇಟಲಿಯ ಯುದ್ಧಗಳು ಇನ್ನೂ ನಡೆಯುತ್ತಿದ್ದ ಕಾಲದ್ದು. ಇಂದು ಅದರ ಮೈ ಕಪ್ಪು ಬೆರೆತ ಹಸಿರಾಗಿದ್ದರೆ ಅದು ಶತಮಾನಗಳ ಮಳೆ ಬಿಸಿಲಿನ ಫಲ. ಹಾಗೆಯೇ 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಮರ ಕಪ್ಪಾಗಿ ಕಾಣುವುದು ಸಮುದ್ರದ ತಳದ ಕೆಸರಿನಿಂದ. ದಂಡಿನಲ್ಲಿ ನಡೆಯುತ್ತಿದ್ದ ತೋಪಿಗೆ ಐದೋ ಹತ್ತೋ ವರ್ಷ ವಯಸ್ಸಾಗಿರುತ್ತಿತ್ತು, ಗಾಡಿಗೆ ಅದಕ್ಕಿಂತ ಕಡಿಮೆ. ಆ ವಯಸ್ಸಿನ ಬಣ್ಣವನ್ನೇ ನಾವು ಹಾಕಬೇಕು.

ಇಲ್ಲಿ ಹೇಳುವ ಕ್ರಮ 28 ಮಿ.ಮೀ. ಅಳತೆಯ, ಎಂದರೆ ನಿಂತ ಆಳಿನ ಎತ್ತರ ಸುಮಾರು ಅಷ್ಟಿರುವ, ಮಾದರಿಗೆ ಸಂಬಂಧಿಸಿದ್ದು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜವಾದ ಸುಮಾರು ಆರು ಸೆಂಟಿಮೀಟರ್. ಆದ್ದರಿಂದ ಮೊಳೆಯ ತಲೆಗಳನ್ನೂ ಮರದ ಎಳೆಗಳನ್ನೂ ಒಂದೂ ಬಿಡದೆ ತೋರಿಸುವ ಹಟ ಬೇಡ.

ಮೊದಲು ಅಚ್ಚಿನ ಗೆರೆಗಳನ್ನು ಚೂಪಾದ ಚಾಕುವಿನಿಂದ ಕೆರೆದು, ಸಣ್ಣ ಅರದಿಂದ ಉಜ್ಜಿ ನಯಗೊಳಿಸಿ. ತೋಪಿನ ನಳಿಕೆಯ ಉದ್ದಕ್ಕೂ ಉಳಿದ ಒಂದು ಗೆರೆ ಕೊನೆಯ ಬಣ್ಣದವರೆಗೂ ಕಣ್ಣಿಗೆ ಕುಕ್ಕುತ್ತದೆ. ಲೋಹದ ಮಾದರಿಗಳ ಮಿಶ್ರಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಮಾಸ್ಕ್ ಧರಿಸಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ರೆಸಿನ್ ಭಾಗಗಳಾದರೆ ಅಚ್ಚಿನ ಜಿಡ್ಡು ಹೋಗುವಂತೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ ತೊಳೆದು ಒಣಗಿಸಬೇಕು. ಎಲ್ಲವನ್ನೂ ಒಮ್ಮೆ ಅಂಟಿಲ್ಲದೆ ಜೋಡಿಸಿ ನೋಡಿ, ಬಳಿಕ ನಳಿಕೆ, ಮರದ ಚೌಕಟ್ಟು, ಚಕ್ರಗಳನ್ನು ಬಿಡಿಬಿಡಿಯಾಗಿಯೇ ಐಸ್‌ಕ್ರೀಂ ಕಡ್ಡಿಗಳಿಗೆ ತಾತ್ಕಾಲಿಕವಾಗಿ ಅಂಟಿಸಿಕೊಳ್ಳಿ. ಚಕ್ರ ಜೋಡಿಸಿದ ಮೇಲೆ ಅದರ ಹಿಂಬದಿಗೆ ಯಾವ ಕುಂಚವೂ ತಲುಪುವುದಿಲ್ಲ.

ಪ್ರೈಮರ್, ಎಂದರೆ ಮೇಲಿನ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಬಣ್ಣ, ಕಪ್ಪಾಗಿರಲಿ ಅಥವಾ ಕಡುಕಂದು ಆಗಿರಲಿ. ಸ್ಪ್ರೇ ಡಬ್ಬಿಯನ್ನು ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿದು, ತೆಳುವಾಗಿ ಎರಡು ಬಾರಿ ಹೊಡೆದರೆ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ತೇವದ ದಿನಗಳಲ್ಲಿ, ಸ್ಪ್ರೇ ಬಿಟ್ಟು ಕುಂಚದಿಂದಲೇ ಪ್ರೈಮರ್ ಬಳಿಯುವುದು ಕ್ಷೇಮ.

ಇನ್ನು ಮರ. ಬಿಸಿಲು ಮಳೆಗೆ ಒಡ್ಡಿಕೊಂಡ ಮರ ಬೂದು ಬಣ್ಣಕ್ಕೆ ತಿರುಗುತ್ತದೆ. ಚಾಕಲೇಟಿನಂಥ ಕೆಂಪುಕಂದು ದಂಡಿನ ಗಾಡಿಗೆ ಒಪ್ಪುವುದಿಲ್ಲ. ಕಡುಕಂದಿನ ತಳದ ಮೇಲೆ ಬೂದು ಬೆರೆಸಿದ ಕಂದನ್ನು ಹಚ್ಚಿ, ಅದು ಒಣಗಿದ ನಂತರ ಮಣ್ಣುಬಣ್ಣಕ್ಕೆ ಸ್ವಲ್ಪ ಬಿಳಿ ಸೇರಿಸಿ, ಕುಂಚದ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿ, ಹಲಗೆಯ ಉದ್ದಕ್ಕೆ ಹಗುರವಾಗಿ ಎಳೆಯಿರಿ. ಇದನ್ನೇ ಹವ್ಯಾಸಿಗಳು ಡ್ರೈ ಬ್ರಷಿಂಗ್ ಎನ್ನುತ್ತಾರೆ. ಕೊನೆಗೆ ವಾಶ್, ಎಂದರೆ ನೀರು ಹೆಚ್ಚಿರುವ ತೆಳು ಬಣ್ಣವನ್ನು, ಕಡುಕಂದಿನಲ್ಲಿ ಕೊಟ್ಟರೆ ಸಂದುಗಳು ತಾವಾಗಿ ಎದ್ದು ಕಾಣುತ್ತವೆ. ಸಾಲಾಗಿ ನಾಲ್ಕು ಗಾಡಿ ಮಾಡುವವರು ಒಂದೊಂದಕ್ಕೂ ಬೂದು–ಕಂದಿನ ಪಾಲು ಬದಲಿಸಬೇಕು. ಒಂದು ಚಕ್ರವನ್ನಾದರೂ ಹೊಸದಾಗಿ ಹಾಕಿಸಿದ್ದೆಂಬಂತೆ ತಿಳಿಹಳದಿಯ ಮರವಾಗಿ ಉಳಿಸಿದರೆ ಇಡೀ ಸಾಲಿಗೆ ಜೀವ ಬರುತ್ತದೆ.

ಚಕ್ರಕ್ಕೆ ಬೇಕಾದಷ್ಟು ಸಮಯ ಕೊಡಿ. ನಮ್ಮ ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿ ತೊಡಿಸುವ ಇಡಿಯಾದ ಹಳಿಯಂಥದ್ದು ಆ ಕಾಲದ ಭಾರದ ಚಕ್ರಗಳಿಗೆ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಬಾಗಿಸಿದ ಕಬ್ಬಿಣದ ತುಂಡುಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ದಪ್ಪ ಮೊಳೆಗಳಿಂದ ಬಡಿಯುತ್ತಿದ್ದರು. ಒಳ್ಳೆಯ ಮಾದರಿಯಲ್ಲಿ ಈ ಪಟ್ಟಿಗಳ ನಡುವಿನ ಸಂದು ಕೆತ್ತಿರುತ್ತದೆ. ಇಲ್ಲದಿದ್ದರೆ ಸಣ್ಣ ಕುಂಚದಿಂದ ಕಪ್ಪು ಗೆರೆ ಎಳೆದು ತೋರಿಸಬಹುದು. ನೆಲಕ್ಕೆ ಉಜ್ಜುವ ಹೊರಮೈ ಸವೆದು ಹೊಳೆಯುತ್ತದೆ, ಪಕ್ಕದ ಅಂಚು ತುಕ್ಕು ಹಿಡಿಯುತ್ತದೆ. ಹೊರಮೈಗೆ ಉಕ್ಕಿನ ಬಣ್ಣ, ಅಂಚಿಗೆ ಕಪ್ಪು ಮತ್ತು ಕೆಂಪುಕಂದಿನ ತೆಳುವಾದ ಮಿಶ್ರಣ ಕೊಡಿ. ಚಕ್ರದ ಗುಂಬದ ಸುತ್ತ ಅಚ್ಚಿನ ಕೀಲೆಣ್ಣೆ ಒಸರಿದಂತೆ ಒಂದೆರಡು ಕಪ್ಪು ಕಲೆಗಳಿದ್ದರೆ ಸಾಕು.

ತೋಪಿನ ಕಂಚಿನಲ್ಲಿ ನೂರು ಪಾಲು ತಾಮ್ರಕ್ಕೆ ಸುಮಾರು ಹತ್ತು ಪಾಲು ತವರ ಇರುತ್ತಿತ್ತು. ಹಾಗಾಗಿ ಹೊಸ ನಳಿಕೆಯ ಬಣ್ಣ ಕೆಂಪು ಛಾಯೆಯ ಚಿನ್ನದಂತೆ. ಕೈ ತಾಗಿ, ಹೊಗೆ ಹಿಡಿದು ಬರಬರುತ್ತಾ ಅದು ಕಂದಾಗುತ್ತದೆ. ಮೊದಲು ಕಡುಕಂದು, ಅದರ ಮೇಲೆ ಪೂರ್ತಿಯಾಗಿ ಕಂಚಿನ ಲೋಹಬಣ್ಣ, ಬಳಿಕ ಕಂದು ವಾಶ್. ಅದು ಚೆನ್ನಾಗಿ ಒಣಗಿದ ಮೇಲೆ ಕಂಚಿಗೆ ತುಸು ಚಿನ್ನದ ಬಣ್ಣ ಬೆರೆಸಿ ನಳಿಕೆಯ ಮೇಲ್ಭಾಗ, ಉಂಗುರದಂಥ ಕಟ್ಟುಗಳು ಮತ್ತು ಹಿಡಿಕೆಗಳ ಮೇಲೆ ಮಾತ್ರ ತೆಳುವಾಗಿ ಎಳೆಯಿರಿ. ಬಾಯಿಯ ಒಳಗೆ ಅಪ್ಪಟ ಕಪ್ಪು. ಬಾಯಿಯ ಅಂಚಿನಿಂದ ಹೊರಕ್ಕೆ ಮತ್ತು ಮದ್ದಿಗೆ ಕಿಡಿ ತಾಗಿಸುವ ಕಿಂಡಿಯ ಸುತ್ತ ಕಪ್ಪು ಪುಡಿಯನ್ನು ಒಣ ಕುಂಚದಿಂದ ಮೆತ್ತಗೆ ಒತ್ತಿದರೆ ಮಸಿ ಹಿಡಿದಂತೆ ಕಾಣುತ್ತದೆ. ಲೋಹಬಣ್ಣಕ್ಕೆ ಬಳಸಿದ ನೀರನ್ನು ತಕ್ಷಣ ಚೆಲ್ಲಿ, ಇಲ್ಲವಾದರೆ ಅದರ ಮಿನುಗು ಕಣಗಳು ಮರದ ಬಣ್ಣಕ್ಕೂ ಸೇರುತ್ತವೆ.

ನಳಿಕೆಯ ಮೇಲಿನ ಲಾಂಛನಗಳಿಗೆ ಬಣ್ಣ ತುಂಬುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಪವಿಯಾದಲ್ಲಿ ಸೆರೆಸಿಕ್ಕ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನ ತೋಪುಗಳ ಮೇಲೆ ಬೆಂಕಿಯ ನಡುವಿನ ಸಲಮಾಂಡರ್ ಪ್ರಾಣಿ ಮತ್ತು ಲಿಲಿ ಹೂಗಳಿದ್ದವು, ಆದರೆ ಅವು ಎರಕದಲ್ಲೇ ಮೂಡಿದ ಉಬ್ಬುಗಳು. ನೀಲಿ ಹಳದಿ ತುಂಬಿದರೆ ಆಟಿಕೆಯಾಗುತ್ತದೆ. ಉಬ್ಬಿನ ಮೇಲೆ ತಿಳಿಗಂಚು, ಸುತ್ತಲಿನ ತಗ್ಗಿನಲ್ಲಿ ಕಂದು ವಾಶ್ ಇದ್ದರೆ ಅಚ್ಚುಕಟ್ಟು. ಫೆರಾರಾದ ದೊರೆ ಅಲ್ಫೊನ್ಸೊ ದೆಸ್ತೆ, ಮೈಕೆಲೆಂಜೆಲೊ ಮಾಡಿದ್ದ ಪೋಪ್ ಎರಡನೆಯ ಜೂಲಿಯಸ್‌ನ ಕಂಚಿನ ಪ್ರತಿಮೆಯನ್ನು ಬೊಲೋನ್ಯಾದಲ್ಲಿ 1511ರಲ್ಲಿ ಒಡೆದುಹಾಕಲಾದ ಮೇಲೆ ಅದರ ಲೋಹದಿಂದ ತೋಪು ಎರಕಹಾಕಿಸಿ, ಪೋಪನನ್ನು ಅಣಕಿಸುವಂತೆ ‘ಲಾ ಜೂಲಿಯಾ’ ಎಂದು ಹೆಸರಿಟ್ಟ. ಫೆರಾರಾ ಪಡೆ ಕಟ್ಟುವವರು ಒಂದು ನಳಿಕೆಗಾದರೂ ಈ ಹೆಸರಿನ ಗೌರವ ಕೊಡಬಹುದು.

ಸಾಮಾನು ಗಾಡಿಯ ಮೇಲಿನ ಬಟ್ಟೆಯ ಹೊದಿಕೆಗೆ ಅಪ್ಪಟ ಬಿಳಿಯನ್ನು ಬಳಸಬೇಡಿ. ಹಳದಿ ಬೆರೆತ ತಿಳಿಬೂದು ಹಚ್ಚಿ, ಮಡಿಕೆಗಳ ಮೇಲ್ತುದಿಗೆ ಮಾತ್ರ ಮಾಸಲು ಬಿಳಿ ತಾಗಿಸಿ, ಕೆಳಅಂಚಿಗೆ ರಸ್ತೆಯ ಕೊಳೆ ಏರಿದಂತೆ ಕಂದನ್ನು ನೀರಾಗಿಸಿ ಹರಿಸಿ. ಮದ್ದಿನ ಪೀಪಾಯಿಗಳ ಪಟ್ಟಿಗಳಿಗೆ ಬೆಳ್ಳಿಬಣ್ಣ ಬಳಿಯುವುದು ತೀರಾ ಸಾಮಾನ್ಯವಾದ ತಪ್ಪು. ಆಗಿನ ಪೀಪಾಯಿಗಳನ್ನು ಬಹುಪಾಲು ಸೀಳಿದ ಮರದ ಬಳ್ಳೆಗಳಿಂದಲೇ ಬಿಗಿಯುತ್ತಿದ್ದರು, ಆದ್ದರಿಂದ ಪಟ್ಟಿಯೂ ಮರದ ಬಣ್ಣದಲ್ಲಿ ತುಸು ಕೆಂಪಾಗಿರಲಿ. ಗಾಡಿ ಎಳೆಯುವ ಕುದುರೆಗಳು ಸವಾರರ ಕುದುರೆಗಳಷ್ಟು ಮಿರುಗಬಾರದು.

ಕೆಸರನ್ನು ಕೊನೆಗೆ ಹಾಕಬೇಕು. ಪವಿಯಾ ಕದನ ನಡೆದದ್ದು ಫೆಬ್ರವರಿ 24ರ ಮಂಜು ಕವಿದ ಬೆಳಗಿನಲ್ಲಿ, ಪೊ ನದಿಯ ಬಯಲಿನ ಹಸಿ ನೆಲದಲ್ಲಿ. ಅಲ್ಲಿಗೆ ನಮ್ಮ ಕೆಮ್ಮಣ್ಣು ಹೊಂದದು, ಬೂದು ಬೆರೆತ ಕಂದೇ ಸರಿ. ಬಣ್ಣದ ಪುಡಿಯನ್ನು ಹೊಳಪಿಲ್ಲದ ಮ್ಯಾಟ್ ವಾರ್ನಿಶ್‌ನಲ್ಲಿ ಕಲಸಿ ಚಕ್ರದ ಕೆಳಗಿನ ಅರ್ಧಕ್ಕೆ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ ಅದೇ ಬಣ್ಣದ ತಿಳಿಛಾಯೆಯನ್ನು ಅಂಚುಗಳಿಗೆ ಮುಟ್ಟಿಸಿ. ಆಮೇಲೆ ಇಡೀ ಮಾದರಿಗೆ ಮ್ಯಾಟ್ ವಾರ್ನಿಶ್ ಕೊಟ್ಟು, ನಳಿಕೆಗೆ ಮಾತ್ರ ಅರೆಹೊಳಪಿನ ಸ್ಯಾಟಿನ್ ವಾರ್ನಿಶ್ ಹಚ್ಚಿದರೆ ಲೋಹದ ಹೊಳಪು ಉಳಿಯುತ್ತದೆ. ತೋಪನ್ನು ತಳಪಟ್ಟಿಗೆ ಅಂಟಿಸುವ ಮುನ್ನ ಹಿಂಬದಿಯಲ್ಲಿ ಗೋಲಂದಾಜರಿಗೆ ಎರಡು ಬೆರಳಗಲ ಜಾಗ ಬಿಟ್ಟಿದೆಯೇ ಎಂದು ನೋಡಿಕೊಳ್ಳಿ.