ಡಬ್ಬಿ ಬೇರೆ, ಎಣ್ಣಿ ಅದೇ

ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ಎರೆಹೊಲದಲ್ಲಿ ತೊಗರಿ ಬೆಳೆಯುವ ನಾವು, ಎಣ್ಣಿ (ಕೀಟನಾಶಕಕ್ಕೆ ನಾವನ್ನುವ ಹೆಸರು) ಹೊಡೆದರೂ ಕಾಯಿಕೊರಕ ಹುಳು ಸಾಯದಿದ್ದರೆ ಮೊದಲು ಬಯ್ಯುವುದು ಅಂಗಡಿಯವನನ್ನು. ನಕಲಿ ಮಾಲೂ ಇರುತ್ತದೆ, ಇಲ್ಲವೆನ್ನಲಾರೆ. ಆದರೆ ಎಷ್ಟೋ ಸಲ ಮಾಲು ಅಸಲಿಯೇ, ಕೀಡಿ, ಅಂದರೆ ಆ ಹುಳು, ಬದಲಾಗಿರುತ್ತದೆ. ವಿಷ ತಡೆದುಕೊಳ್ಳುವಂಥ ನಾಲ್ಕಾರು ಕೀಡಿ ಮೊದಲಿನಿಂದಲೂ ಇರುತ್ತವೆ. ಉಳಿದವೆಲ್ಲ ಸತ್ತರೆ ವಂಶ ಬೆಳೆಸುವವು ಅವೇ. ಒಂದೊಂದು ಪತಂಗ ನೂರಾರು ಮೊಟ್ಟೆ ಇಡುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು. 1987ರಲ್ಲೇ ಆಂಧ್ರದ ಹತ್ತಿಯಲ್ಲಿ ಇದೇ ಕೀಡಿ ಸೈಪರ್‌ಮೆಥ್ರಿನ್ ಜಾತಿಯ ಔಷಧಿಗೆ ಬಗ್ಗದಂತಾಗಿತ್ತು.

‘ಕಾಕಾ, ಹೊಸಾದು ಬಂದದ, ತಗೊಂಡ್ ಹೋಗ್ರಿ’ ಅಂತ ಅಂಗಡಿಯವನು ಅಂದಾಗ ನಾನು ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದುತ್ತೇನೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್: ಕೊನೆಗೆ ‘ಥ್ರಿನ್’ ಬಂತೆಂದರೆ ಕಂಪನಿ ಯಾವುದಿದ್ದರೂ ಒಂದೇ ಮನೆತನ. ಕ್ಲೋರಾಂಟ್ರಾನಿಲಿಪ್ರೋಲ್ ಮತ್ತು ಫ್ಲೂಬೆಂಡಿಯಮೈಡ್ ಹೆಸರಿಗೆ ಮಾತ್ರ ಬೇರೆ, ಕೊಲ್ಲುವ ರೀತಿ ಒಂದೇ. ಇದನ್ನು ಬಿಟ್ಟು ಅದನ್ನು ಹೊಡೆದರೆ ಬದಲಿಸಿದಂತಾಗುವುದಿಲ್ಲ. ಕೀಡಿ ಒಗ್ಗಬಾರದೆಂದರೆ ಕೊಲ್ಲುವ ರೀತಿಯೇ ಬದಲಾಗಬೇಕು.

ಮೊಗ್ಗು ಬರುವಾಗ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟುತ್ತೇನೆ. ಪತಂಗ ಬೀಳತೊಡಗಿದರೆ ಶೇ 5ರ ಬೇವಿನ ಬೀಜದ ಕಷಾಯ. ಎಳೆ ಕೀಡಿ ಕಂಡಾಗ ಎಮಾಮೆಕ್ಟಿನ್ ಬೆಂಜೋಯೇಟ್. ಮುಂದಿನ ತಲೆಮಾರಿಗೆ ಬೇರೆ ರೀತಿ ಕೊಲ್ಲುವ ಇಂಡಾಕ್ಸಾಕಾರ್ಬ್. ಹೊಡೆದದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ತೊಗರಿ ಮುಗಿದರೂ ಲೆಕ್ಕ ಮುಗಿಯುವುದಿಲ್ಲ, ಯಾಕೆಂದರೆ ಅದೇ ಪತಂಗ ಪಕ್ಕದ ಕಡಲೆಗೆ ಹಾರುತ್ತದೆ. ತೊಗರಿಗೆ ಕೊನೆಗೆ ಹೊಡೆದದ್ದನ್ನೇ ಕಡಲೆಗೆ ಮೊದಲು ಹೊಡೆದರೆ ಬದಲಾದದ್ದು ಬೆಳೆ, ಔಷಧಿಯಲ್ಲ.

ಬಲಿತ ಕೀಡಿಗೆ ಮಾತ್ರ ಯಾವ ಎಣ್ಣಿಯನ್ನೂ ನಾನು ನಂಬುವುದಿಲ್ಲ. ನಮ್ಮ ಜಿಲ್ಲೆಯ ಹಳೇ ಉಪಾಯವೇ ಸರಿ: ಸಾಲಿನ ನಡುವೆ ತಾಡಪತ್ರಿ ಎಳೆಯುತ್ತ ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸುವುದು. ಹಸಿರು, ಕಂದು, ಹಳದಿ ಬಣ್ಣದ ಕೀಡಿಗಳು ಹೂವಿನ ಜೊತೆ ಟಪಟಪ ಬೀಳುತ್ತವೆ. ಜೋರಾಗಿ ಅಲುಗಿಸಿದರೆ ಎಳೆಗಾಯಿಯೂ ಉದುರುತ್ತದೆ, ಹಾಗಾಗಿ ಹುಡುಗರ ಕೈಗೆ ಕೊಡುವುದಿಲ್ಲ. ಬಿದ್ದದ್ದನ್ನು ಕೋಳಿಗೆ ಹಾಕುತ್ತೇವೆ. ಕೂಲಿ ಹೆಚ್ಚು, ನಿಜ. ಆದರೆ ಅಲುಗಾಡಿಸುವುದಕ್ಕೆ ಯಾವ ಕೀಡಿಯೂ ಒಗ್ಗಿಕೊಂಡದ್ದು ನಾನು ಕಂಡಿಲ್ಲ.

ಪತಂಗಕ್ಕೆ ಬದು ಗೊತ್ತಿಲ್ಲ. ನಾನೊಬ್ಬನೇ ಬದಲಿಸಿದರೆ ಏನಾದೀತು? ಈ ವರ್ಷ ಹಳ್ಳದ ಈಚೆಯ ಹೊಲದವರೆಲ್ಲ ಒಂದೇ ಕ್ಯಾಲೆಂಡರಿಗೆ ಒಪ್ಪಿದ್ದೇವೆ. ಆಚೆಯವರು ಇನ್ನೂ ಎರಡು ಡಬ್ಬಿ ಕಲಸಿಯೇ ಹೊಡೆಯುತ್ತಿದ್ದಾರೆ.