ಉಣ್ಣೆಯ ಜೀನ್ ನೋಡಲು ಕತ್ತರಿಸಿದ ಉಣ್ಣೆ ಸಾಲದು

ಭತ್ತದ ಕೊಯ್ಲು ಮುಗಿದ ಮೇಲೆ ಬನವಾಸಿ, ಮುಂಡಗೋಡ ಕಡೆಯ ಗದ್ದೆಗಳಿಗೆ ಬಯಲುಸೀಮೆಯ ಕುರಿ ಹಿಂಡುಗಳು ಬರುತ್ತವೆ. ಉಣ್ಣೆಯ ಜೀನ್ ಕುರಿತ ಎಂ.ಎಸ್ಸಿ. ಪ್ರಾಜೆಕ್ಟಿಗೆ ಡೆಕ್ಕನಿ ತಳಿಯ ಕುರಿ ಹುಡುಕುತ್ತಿದ್ದ ಶಿರಸಿಯ ನನಗೆ ಇದು ಅನುಕೂಲವೇ ಆಯ್ತು.

ಉಣ್ಣೆ ಅಂದರೆ ಬಹುಪಾಲು ಕೆರಟಿನ್ ಎಂಬ ಪ್ರೋಟೀನ್. ಕೆರಟಿನ್ ಎಳೆಗಳ ನಡುವೆ ಗಾರೆಯ ಹಾಗೆ ಇನ್ನೊಂದು ಬಗೆಯ ಪ್ರೋಟೀನ್‌ಗಳು ತುಂಬಿಕೊಂಡಿರುತ್ತವೆ. ಅವಕ್ಕೆ ಕೆಎಪಿ (ಕೆರಟಿನ್ ಅಸೋಸಿಯೇಟೆಡ್ ಪ್ರೋಟೀನ್) ಎಂದು ಹೆಸರು. ಹಲವು ಕೆಎಪಿಗಳಲ್ಲಿ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೋ ಆಮ್ಲ ಜಾಸ್ತಿ. ಸಿಸ್ಟೀನ್‌ಗಳ ಗಂಧಕ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂದಲನ್ನು ಗಟ್ಟಿ ಮಾಡುತ್ತದೆ.

ನಾನು ಇಂಥ ಒಂದು ಪ್ರೋಟೀನಿನ ಜೀನ್, ಕೆಎಪಿ1-1, ಆರಿಸಿಕೊಂಡೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಇದು ಒಳ್ಳೆಯದು. ಚಿಕ್ಕ ಜೀನ್, ನಡುವೆ ಇಂಟ್ರಾನ್ (ಪ್ರೋಟೀನಿಗೆ ಬಳಕೆಯಾಗದ ತುಂಡು) ಇಲ್ಲ. ಇದರ ರೂಪಗಳು ಉದ್ದದಲ್ಲೇ ಬೇರೆ: ಪಿಸಿಆರ್ (ಡಿಎನ್ಎಯ ಬೇಕಾದ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಿದರೆ 281, 311 ಅಥವಾ 341 ಡಿಎನ್ಎ ಅಕ್ಷರದ ತುಂಡು ಸಿಗುತ್ತದೆ. ವ್ಯತ್ಯಾಸ 30 ಅಕ್ಷರ, ಅಂದರೆ ಪ್ರೋಟೀನಿನಲ್ಲಿ 10 ಅಮೈನೋ ಆಮ್ಲ. ತುಂಡುಗಳನ್ನು ವಿದ್ಯುತ್ತಿನಿಂದ ಓಡಿಸಿ ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಇದು ಕಣ್ಣಿಗೇ ಕಾಣುತ್ತದೆ.

ಕೂದಲು ಕೀಳಲು ಹೋದಾಗ ಕುರಿಗಾರಜ್ಜ ತಡೆದರು. "ಕತ್ತರಿಸಿದ್ದು ಚೀಲಗಟ್ಟಲೆ ಐತಿ, ಒಯ್ರಿ ಸರ. ಇದನ್ನ್ಯಾಕ ಕೀಳ್ತೀರಿ?"

"ಬುಡ ಬೇಕು ಅಜ್ಜ, ಡಿಎನ್ಎ ಅಲ್ಲಿರ್ತದೆ."

ಬೆಳೆದ ಎಳೆಯಲ್ಲಿ ಜೀವಕೋಶಗಳು ಸತ್ತು ಗಟ್ಟಿಯಾಗಿರುತ್ತವೆ, ಒಳ್ಳೆಯ ಡಿಎನ್ಎ ಸಿಗುವುದು ಕಷ್ಟ. ಬುಡದ ಬಿಳಿ ಗೆಡ್ಡೆ ಸಮೇತ ಬಂದರೆ ಮಾತ್ರ ಉಪಯೋಗ. ಕಿತ್ತದ್ದನ್ನು ಕಾಗದದ ಲಕೋಟೆಗೇ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ಬೆವೆತು ಹಾಳಾಗುತ್ತದೆ, ನಮ್ಮೂರ ಹವೆ ಗೊತ್ತಲ್ವಾ!

ಅಜ್ಜ ಇನ್ನೊಂದು ಉಪಕಾರ ಮಾಡಿದರು. ಯಾವ ಮರಿ ಯಾವ ಟಗರಿನದು ಎಂದು ಬಾಯಲ್ಲೇ ಹೇಳಿದರು. ಒಂದೇ ಟಗರಿನ ಮಕ್ಕಳನ್ನೇ ತೆಗೆದುಕೊಂಡರೆ ಒಂದು ರೂಪವೇ ಸುಮ್ನೆ ಜಾಸ್ತಿ ಕಾಣುತ್ತದೆ. ಯಾವ ರಿಜಿಸ್ಟರ್‌ನಲ್ಲೂ ಆ ಮಾಹಿತಿ ಇರಲಿಲ್ಲ.

ಜೆಲ್‌ನಲ್ಲಿ ಕೆಲವಕ್ಕೆ ಒಂದು ಗೆರೆ, ಕೆಲವಕ್ಕೆ ಎರಡು. ಎರಡು ಗೆರೆ ಅಂದರೆ ತಂದೆಯಿಂದ ಒಂದು ರೂಪ, ತಾಯಿಯಿಂದ ಇನ್ನೊಂದು. ಅಕ್ರಿಲಮೈಡ್ ಜೆಲ್‌ನಲ್ಲಿ ಇಂಥವುಗಳ ಮೇಲೆ ಮಸುಕಾದ ಮೂರನೆಯ ಗೆರೆಯೂ ಬರಬಹುದು. ಹೊಸ ರೂಪ ಸಿಕ್ಕಿತೆಂದು ಕುಣಿಯಬೇಡಿ. ಎರಡು ಬೇರೆ ಉದ್ದದ ಡಿಎನ್ಎ ಎಳೆಗಳು ಪರಸ್ಪರ ಅಂಟಿಕೊಂಡು, ಡೊಂಕಾಗಿ, ನಿಧಾನ ಓಡುವುದರಿಂದ ಅದು ಮೂಡುತ್ತದೆ.

"ಹಂಗಾದ್ರ ಯಾವುದರ ಉಣ್ಣಿ ಮೆತ್ತಗ?" ಅಜ್ಜನ ಪ್ರಶ್ನೆಗೆ ಈ ಜೆಲ್‌ನಲ್ಲಿ ಉತ್ತರವಿಲ್ಲ. ಉಣ್ಣೆಯ ಗುಣಕ್ಕೆ ಹತ್ತಾರು ಜೀನ್‌ಗಳ ಪಾಲಿದೆ, ಮೇವಿನದೂ ಇದೆ. ಇನ್ನೊಂದು ಕೆಎಪಿ ಜೀನ್ ಆದ ಕೆಎಪಿ6-1ರಲ್ಲಿ 57 ಅಕ್ಷರ ಬಿಟ್ಟುಹೋದ ರೂಪಕ್ಕೂ ಉಣ್ಣೆಯ ಎಳೆಯ ದಪ್ಪಕ್ಕೂ ನಂಟಿರುವುದನ್ನು ನ್ಯೂಜಿಲೆಂಡಿನ ಕುರಿಗಳಲ್ಲಿ ತೋರಿಸಿದ್ದಾರೆ. ಉಳಿದ ಲಕೋಟೆಗಳನ್ನು ಅದಕ್ಕೇ ಎತ್ತಿಟ್ಟಿದ್ದೇನೆ.